ಸಂತ ಲಾರೆನ್ಸರ ಕಥೆಯಲ್ಲಿ ಇತಿಹಾಸ ಎಷ್ಟು, ಪ್ರತೀತಿ ಎಷ್ಟು? ಆರು ಫಲಕಗಳಿಗೆ ಬರಹ ಬೇಕು

ಪುಷ್ಕರಿಣಿ (ಪ್ರಶ್ನೆ)

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿಯ ಜಾತ್ರೆಗೆ ಬರುವವರು ನಿಂತು ಓದುವಂಥ ಆರು ಫಲಕಗಳು ತಯಾರಾಗಬೇಕು. ಒಂದೊಂದರಲ್ಲೂ 80ರಿಂದ 100 ಪದ ಮತ್ತು ಒಂದು ಚಿತ್ರ. ಈಗ ಕೈಯಲ್ಲಿರುವ ಕರಡಿನಲ್ಲಿ ಹೀಗುಂಟು:

"ಸ್ಪೇನಿನಲ್ಲಿ ಕ್ರಿ.ಶ. 225ರಲ್ಲಿ ಹುಟ್ಟಿದ ಲಾರೆನ್ಸರನ್ನು ಡೇಸಿಯಸ್ ಚಕ್ರವರ್ತಿ ಕ್ರಿ.ಶ. 258ರ ಆಗಸ್ಟ್ 9ರಂದು ಕಾದ ಕಾವಲಿಯ ಮೇಲೆ ಮಲಗಿಸಿ ಸುಟ್ಟನು. ಅಂದು ರಾತ್ರಿ ಆಕಾಶ ಕಣ್ಣೀರು ಸುರಿಸಿತು. ಅದೇ ಇಂದಿಗೂ ಕಾಣುವ ಉಲ್ಕಾಪಾತ."

ಇದರಲ್ಲಿ ಎಷ್ಟು ನಿಲ್ಲುತ್ತದೆ? ಸುಟ್ಟ ಕಥೆಯೇ ಲ್ಯಾಟಿನ್ ನಕಲುಗಾರನ ಕೈತಪ್ಪಿನಿಂದ ಹುಟ್ಟಿದ್ದು ಎಂದು ಒಬ್ಬರು ವಾದಿಸುತ್ತಾರೆ, ಅದು ಹೌದಾ? ಚಿತ್ರಗಳನ್ನು ಆರಿಸುವಾಗ ಬೇರೆ ಸಂತರು ನುಸುಳದ ಹಾಗೆ ಏನು ನೋಡಬೇಕು? ಜಾತ್ರೆ ಜನವರಿಯಲ್ಲಿ, ಹಬ್ಬ ಆಗಸ್ಟಿನಲ್ಲಿ. ಇದನ್ನೂ ಒಂದು ಸಾಲಿನಲ್ಲಿ ಹೇಳಬೇಕು. ಭಕ್ತರ ಮನಸ್ಸು ನೋಯಬಾರದು, ಸುಳ್ಳೂ ಬರೆಯಬಾರದು.

ಹಳೇಓಲೆ

ನಿಮ್ಮ ಕರಡಿನ ನಾಲ್ಕು ಸಾಲಿನಲ್ಲಿ ಐದು ತಪ್ಪು ಉಂಟು ಮಾರಾಯ್ರೆ. ಉಲ್ಕೆಯದ್ದನ್ನು ಬಲ್ಲವರಿಗೆ ಬಿಡುತ್ತೇನೆ, ಉಳಿದದ್ದನ್ನು ಒಂದೊಂದಾಗಿ ನೋಡುವ.

ಮೊದಲು ಚಕ್ರವರ್ತಿ. ಡೇಸಿಯಸ್ ಸತ್ತದ್ದು 251ರಲ್ಲಿ. 258ರಲ್ಲಿ ಅವನು ಯಾರನ್ನೂ ಕೊಲ್ಲಿಸುವಂತಿಲ್ಲ. ಆಗ ಆಳುತ್ತಿದ್ದವನು ವಲೇರಿಯನ್. ಈ ತಪ್ಪು ನಿಮ್ಮದಲ್ಲ, ಸಾವಿರದ ಐನೂರು ವರ್ಷ ಹಳೆಯದು. ಲಾರೆನ್ಸರು ತೀರಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಕಟ್ಟಿದ ರಕ್ತಸಾಕ್ಷಿ (ನಂಬಿಕೆಗಾಗಿ ಪ್ರಾಣ ಕೊಟ್ಟವರ) ಕಥೆಯೊಂದರಲ್ಲಿ ಡೇಸಿಯಸ್ ಖಳನಾಯಕನಾಗಿ ಬರುತ್ತಾನೆ. ಸೆರೆಮನೆಯ ಕಾವಲುಗಾರ ಹಿಪ್ಪೊಲಿಟಸ್, ಮತಾಂತರಗೊಂಡ ಸೈನಿಕ ರೊಮಾನಸ್ ಕೂಡ ಸೇರಿಕೊಂಡದ್ದು ಅಲ್ಲೇ. ಮಧ್ಯಯುಗದ ಸಂತಚರಿತೆಗಳೆಲ್ಲ ಅದನ್ನೇ ನಕಲು ಮಾಡಿದವು. ನಿಮ್ಮ ಆಧಾರಗ್ರಂಥದಲ್ಲಿ ಡೇಸಿಯಸ್ ಕಂಡರೆ ಅದು ಆ ಸಾಲಿನಿಂದ ಬಂದದ್ದು ಅಂತ ತಿಳಿದು, ಅದರ ಉಳಿದ ವಿವರಗಳನ್ನೂ ಅನುಮಾನದಿಂದಲೇ ಓದಿ.

ಗಟ್ಟಿ ನೆಲ ಎಲ್ಲಿದೆ ಅಂದರೆ, ಕಾರ್ತೇಜಿನ ಬಿಷಪ್ ಸಿಪ್ರಿಯನ್ 258ರಲ್ಲಿ ಬರೆದ ಒಂದು ಓಲೆಯಲ್ಲಿ. ರೋಮಿಗೆ ಜನ ಕಳಿಸಿ ವಿಚಾರಿಸಿ, ವಲೇರಿಯನ್ ಸೆನೆಟಿಗೆ ಕಳಿಸಿದ ಆಜ್ಞೆಯ ಸಾರವನ್ನು ಅವರು ಅದರಲ್ಲಿ ಕೊಡುತ್ತಾರೆ. ಬಿಷಪರು, ಗುರುಗಳು, ಡೀಕನರು (ಗುರುಗಳಿಗಿಂತ ಕೆಳಗಿನ ದರ್ಜೆಯ ಸೇವಕರು) ಸಿಕ್ಕಿದ ಕೂಡಲೇ ಮರಣದಂಡನೆ. ಸೆನೆಟರುಗಳಿಗೂ ಅವರ ಕೆಳಗಿನ ಮೇಲ್ವರ್ಗವಾದ ಕುದುರೆ ದರ್ಜೆಯವರಿಗೂ ಪದವಿ ಮತ್ತು ಆಸ್ತಿ ಹೋಗುವುದು, ಆಮೇಲೂ ಕ್ರೈಸ್ತರಾಗಿಯೇ ಉಳಿದರೆ ತಲೆ. ದೊಡ್ಡ ಮನೆತನದ ಹೆಂಗಸರಿಗೆ ಆಸ್ತಿ ಮುಟ್ಟುಗೋಲು, ಗಡೀಪಾರು. ಅರಮನೆಯ ನೌಕರರಿಗೆ ಸಂಕೋಲೆ ಹಾಕಿ ಚಕ್ರವರ್ತಿಯ ಜಮೀನುಗಳಿಗೆ ರವಾನೆ. ಅದೇ ಓಲೆಯಲ್ಲಿ, ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಅವರನ್ನು ಸಮಾಧಿಭೂಮಿಯಲ್ಲೇ ನಾಲ್ವರು ಡೀಕನರ ಜೊತೆ ಕೊಂದರು ಎಂಬ ಸುದ್ದಿಯೂ ಉಂಟು. ಸಿಪ್ರಿಯನ್ ಅವರ ತಲೆಯೂ ಅದೇ ಸೆಪ್ಟೆಂಬರ್ 14ಕ್ಕೆ ಹೋಯಿತು.

ಇನ್ನು ಲೆಕ್ಕ ನೋಡಿ. 251ರಲ್ಲಿ ಪೋಪ್ ಕಾರ್ನೇಲಿಯಸ್ ಬರೆದ ಓಲೆಯ ಪ್ರಕಾರ ರೋಮಿನ ಕ್ರೈಸ್ತ ಸಭೆಯಲ್ಲಿ 46 ಗುರುಗಳು, 7 ಡೀಕನರು, 7 ಉಪಡೀಕನರು, 42 ಅಕೋಲೈಟರು (ಪೂಜೆಯ ಸಹಾಯಕರು), ಮತ್ತೆ ಸಭೆಯ ಅನ್ನ ಉಣ್ಣುವ ವಿಧವೆಯರು ಮತ್ತು ದಿಕ್ಕಿಲ್ಲದವರು 1,500ಕ್ಕೂ ಮೇಲೆ. ಡೀಕನರು ಏಳೇ ಜನ. ಸಿಕ್ಸ್ಟಸ್ ಜೊತೆ ನಾಲ್ವರು ಸತ್ತರು. ಅದೇ ದಿನ ಸತ್ತ ಫೆಲಿಸಿಸ್ಸಿಮಸ್, ಅಗಾಪಿಟಸ್ ಎಂಬ ಇನ್ನಿಬ್ಬರ ಸಮಾಧಿ ಪ್ರೆಟೆಕ್ಸ್ಟಾಟಸ್ ಭೂಗತ ಸ್ಮಶಾನದಲ್ಲಿ. ಒಟ್ಟು ಆರು. ಏಳನೆಯವರು ಲಾರೆನ್ಸ್, ನಾಲ್ಕು ದಿನ ಬಿಟ್ಟು. ಆ 1,500 ಹೊಟ್ಟೆಗಳ ಲೆಕ್ಕಪತ್ರ, ಕಾಣಿಕೆಯ ಹಣ, ದಾಖಲೆ ಎಲ್ಲ ಡೀಕನರ ಕೈಯಲ್ಲಿ. ಉಳಿದವರು ಸತ್ತ ಮೇಲೆ ಬೀಗದಕೈ ಯಾರ ಹತ್ತಿರ ಇರಬೇಕು ಹೇಳಿ. "ಸಭೆಯ ನಿಧಿ ಎಲ್ಲಿ" ಎಂದು ಅಧಿಕಾರಿ ಲಾರೆನ್ಸರನ್ನೇ ಹಿಡಿದ ಕಥೆಗೆ ಇಷ್ಟು ಹುರುಳು ಉಂಟು. ಬಡವರನ್ನು ಕರೆತಂದು "ಇದೇ ನಿಧಿ" ಅಂದದ್ದು ನಡೆದದ್ದೋ ಕಟ್ಟಿದ್ದೋ ಗೊತ್ತು ಮಾಡಲು ದಾರಿಯಿಲ್ಲ. ಆದರೆ ಅದು ಆ ಕೆಲಸದ ಒಳಗಿಂದಲೇ ಹುಟ್ಟಿದ ಕಥೆ. ಫಲಕದಲ್ಲಿ ಬೇರೆ ಯಾವುದನ್ನು ಕತ್ತರಿಸಿದರೂ ಈ ಲೆಕ್ಕವನ್ನು ಉಳಿಸಿಕೊಳ್ಳಿ.

ಹುಟ್ಟಿದ ವರ್ಷ 225, ಹುಟ್ಟೂರು ಸ್ಪೇನ್: ಎರಡನ್ನೂ ತೆಗೆಯಿರಿ. ಪ್ರುಡೆನ್ಷಿಯಸ್ ಎಂಬ ಕವಿ ಲಾರೆನ್ಸರ ಮೇಲೆ 584 ಸಾಲಿನ ಸ್ತೋತ್ರ ಬರೆದಿದ್ದಾನೆ. ಅವನೇ ಸ್ಪೇನಿನವ. ಲಾರೆನ್ಸ್ ನಮ್ಮೂರಿನವರು ಎಂದು ಹೇಳಿಕೊಳ್ಳಲು ಅವನಿಗಿಂತ ಹಕ್ಕುಳ್ಳವರಿಲ್ಲ, ಆದರೂ ಹೇಳಿಲ್ಲ. ಸ್ಪೇನಿನ ವೆಸ್ಕಾ ಊರಿನವರ ಹುಟ್ಟೂರ ಹೆಮ್ಮೆ ಆಮೇಲಿನದ್ದು. ಬೇಕಿದ್ದರೆ "ಪ್ರತೀತಿ" ಎಂಬ ಮಾತು ಸೇರಿಸಿ ಹಾಕಿ.

ಹಳೇಓಲೆ

ತಾರೀಖು ಬಿಟ್ಟುಹೋಯಿತು, ಮುಖ್ಯವಾದದ್ದೇ ಅದು. 354ನೇ ಇಸವಿಯ ಒಂದು ರೋಮನ್ ಪಂಚಾಂಗದಲ್ಲಿ ರಕ್ತಸಾಕ್ಷಿಗಳ ಸಮಾಧಿದಿನಗಳ ಪಟ್ಟಿ ಉಂಟು. ಅದರಲ್ಲಿ ಲಾರೆನ್ಸರದ್ದು ಒಂದೇ ಗೆರೆ: ಆಗಸ್ಟ್ ಈಡಸ್‌ಗೆ ನಾಲ್ಕನೇ ದಿನ, ಲಾರೆನ್ಸ್, ಟಿಬುರ್ಟೀನಾ ರಸ್ತೆಯಲ್ಲಿ. ದಿನ ಮತ್ತು ಜಾಗ ಮಾತ್ರ, ಹೇಗೆ ಸತ್ತರು ಎಂಬುದಿಲ್ಲ. ಈಡಸ್ ಅಂದರೆ ರೋಮನ್ ತಿಂಗಳ ನಡುವಿನ ಗುರುತಿನ ದಿನ.

ನಿಮ್ಮ ಕರಡಿನ "9" ಬಂದದ್ದು ಈ ಲೆಕ್ಕ ತಪ್ಪಿ. ಮಾರ್ಚ್, ಮೇ, ಜುಲೈ, ಅಕ್ಟೋಬರಿನಲ್ಲಿ ಈಡಸ್ 15ಕ್ಕೆ, ಉಳಿದ ತಿಂಗಳಲ್ಲಿ 13ಕ್ಕೆ. ಆಗಸ್ಟಿನದ್ದು 13. ಅಲ್ಲಿಂದ 4 ಕಳೆದರೆ 9 ಬರುತ್ತದೆ, ಆದರೆ ರೋಮನರು ಕಳೆಯುವುದಿಲ್ಲ, ಎಣಿಸುತ್ತಾರೆ. ಈಡಸ್ ದಿನವೂ ಎಣಿಕೆಯೊಳಗೆ. 13, 12, 11, 10: ನಾಲ್ಕನೆಯದು 10. ನಮ್ಮಲ್ಲಿ ಮಗು ಹುಟ್ಟಿದ ದಿನವನ್ನೂ ಸೇರಿಸಿ ಹನ್ನೊಂದನೇ ದಿನ ಎಣಿಸುವ ಹಾಗೆ. ಸಿಕ್ಸ್ಟಸ್ ಅವರದ್ದು ಈಡಸ್‌ಗೆ ಎಂಟನೇ ದಿನ. ಹಾಗೇ ಹಿಂದಕ್ಕೆ ಎಣಿಸಿದರೆ 6 ಬರುತ್ತದೆ, ಸರಿಹೋಯಿತು. ಸಂದೇಹ ಬಂದರೆ 14ರಿಂದ ಕಳೆಯಿರಿ, ತಪ್ಪುವುದಿಲ್ಲ.

ಕೈಬರಹ

ಕೈತಪ್ಪಿನ ವಾದದ ಬಗ್ಗೆ.

ವಾದ ಹೀಗಿದೆ. ರಕ್ತಸಾಕ್ಷಿಗಳ ಪಟ್ಟಿಗಳಲ್ಲಿ "ಪಾಸ್ಸುಸ್ ಎಸ್ಟ್" ಎಂಬ ಮಾತು ಮತ್ತೆಮತ್ತೆ ಬರುತ್ತದೆ. ಅರ್ಥ: ಹಿಂಸೆ ಅನುಭವಿಸಿದನು. ಮೊದಲ ಅಕ್ಷರ ಬಿದ್ದುಹೋದರೆ ಉಳಿಯುವುದು "ಆಸ್ಸುಸ್ ಎಸ್ಟ್", ಅಂದರೆ ಸುಡಲ್ಪಟ್ಟನು, ಬೇಯಿಸಲ್ಪಟ್ಟನು. ಜಾಲರಿಯ (ಕರಡಿನಲ್ಲಿ ಕಾವಲಿ ಎಂದದ್ದು) ಕಥೆ ಪೂರ್ತಿ ಹುಟ್ಟಿದ್ದು ಈ ಒಂದು ಅಕ್ಷರದ ಲೋಪದಿಂದ ಎಂಬುದು ಅವರ ಮಾತು.

ಕೇಳಲು ಚಂದ. ಅಷ್ಟಕ್ಕೇ ಅದು ಇಷ್ಟು ಹರಡಿದೆ ಅನಿಸುತ್ತದೆ. ಆದರೆ ಇದು ಊಹೆ. ಫಲಕದಲ್ಲಿ ಇದನ್ನು "ವಿದ್ವಾಂಸರು ಕಂಡುಹಿಡಿದಿದ್ದಾರೆ" ಎಂದು ಬರೆಯಬೇಡಿ. ಕಥೆ ಬಾಯಿಮಾತಿನಲ್ಲೂ ಸಮಾಧಿಯ ಶಾಸನದಲ್ಲೂ ಬೆಳೆದದ್ದು. ಒಂದು ಪಟ್ಟಿಯ ಒಂದು ಅಕ್ಷರಕ್ಕೆ ಅಷ್ಟು ಬಲ ಎಲ್ಲಿಂದ?

ಬರಹಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದರೆ ಹೆಚ್ಚು ತಿಳಿಯುತ್ತದೆ. 366ರಿಂದ 384ರವರೆಗೆ ಪೋಪ್ ಆಗಿದ್ದ ಡಮಾಸಸ್ ಸಮಾಧಿಗೆ ಬರೆಸಿದ ಪದ್ಯದಲ್ಲಿ ಏಟು, ಕಟುಕರು, ಜ್ವಾಲೆ, ಚಿತ್ರಹಿಂಸೆ, ಸಂಕೋಲೆ ಎಲ್ಲ ಒಂದೇ ಉಸಿರಿಗೆ ಬರುತ್ತವೆ. ಬೆಂಕಿ ಇದೆ, ಜಾಲರಿ ಇಲ್ಲ. 390ರ ಸುಮಾರಿಗೆ ಮಿಲಾನಿನ ಆಂಬ್ರೋಸ್ ಬರೆದಾಗ ಜಾಲರಿಯೂ ಬಂದಿದೆ, ಆ ಪ್ರಸಿದ್ಧ ಮಾತೂ ಬಂದಿದೆ: "ಬೆಂದಿದೆ, ತಿರುವಿಹಾಕಿ ತಿನ್ನು." 400 ದಾಟಿದ ಮೇಲೆ ಪ್ರುಡೆನ್ಷಿಯಸ್ ಕೈಗೆ ಸಿಕ್ಕಾಗ ಅದು ಪೂರ್ಣ ನಾಟಕ. ಅಧಿಕಾರಿ ಬಲು ನಯವಾಗಿ, ನಿಮ್ಮ ಪೂಜೆಗೆ ಬೆಳ್ಳಿ ಬಟ್ಟಲು, ರಾತ್ರಿ ಮೇಣದಬತ್ತಿಗೆ ಚಿನ್ನದ ದೀಪಸ್ತಂಭ ಇದೆಯಂತಲ್ಲ, ಸೀಸರನ ತಲೆಯಿರುವ ನಾಣ್ಯ ಸೀಸರನಿಗೇ ಕೊಡಬೇಕೆಂದು ನಿಮ್ಮ ಗುರುವೇ ಹೇಳಿದ್ದಾನಲ್ಲ ಎಂದು ಕೇಳುತ್ತಾನೆ. ಲಾರೆನ್ಸ್ ಮೂರು ದಿನದ ಗಡುವು ಬೇಡುತ್ತಾರೆ. ಮೂರನೇ ದಿನ ಬಾಗಿಲಲ್ಲಿ ಸಾಲಾಗಿ ನಿಂತವರು ಯಾರು? ಕಣ್ಣಿನ ಗುಳಿ ಬರಿದಾಗಿ ಕೋಲು ಊರಿದವನು, ಮಂಡಿ ಮುರಿದವನು, ಒಂದು ಕಾಲು ಗಿಡ್ಡ ಇರುವವನು, ಕೀವು ಸೋರುವ ಹುಣ್ಣಿನವನು, ಕೈ ಬತ್ತಿದವನು. ಸಿಟ್ಟಿಗೆದ್ದ ಅಧಿಕಾರಿ ಕೆಂಡ ಹರಡಿಸುವಾಗಲೂ ಲೆಕ್ಕ ಹಾಕುತ್ತಾನೆ: ಉರಿ ಜೋರಾದರೆ ಬೇಗ ಸತ್ತುಬಿಡುತ್ತಾನೆ, ಕೆಂಡ ಮಂದವಾಗಿರಲಿ. ಕೊನೆಗೆ ಲಾರೆನ್ಸರ ಮಾತೂ ಬೆಳೆದಿದೆ. ಒಂದು ಮಗ್ಗುಲು ಸಾಕಷ್ಟು ಬೆಂದಿದೆ, ತಿರುವಿಹಾಕಿ, ಹಸಿ ರುಚಿಯೋ ಸುಟ್ಟದ್ದು ರುಚಿಯೋ ತಿಂದು ನೋಡು.

ಈ ಕುಹಕದ ಮಾತು ಲಾರೆನ್ಸರೊಬ್ಬರದ್ದೇ ಅಲ್ಲ. ಐದನೇ ಶತಮಾನದ ಇತಿಹಾಸಕಾರ ಸಾಕ್ರಟೀಸ್ (ಹೆಸರು ಅದೇ, ತತ್ವಜ್ಞಾನಿಯಲ್ಲ) ಬರೆಯುವಂತೆ, ಜೂಲಿಯನ್ ಚಕ್ರವರ್ತಿಯ ಕಾಲದಲ್ಲಿ ಫ್ರಿಜಿಯಾದಲ್ಲಿ ಮೆಸಿಡೋನಿಯಸ್, ತಿಯೊಡುಲಸ್, ಟೇಷಿಯನ್ ಎಂಬ ಮೂವರನ್ನು ಹೀಗೆಯೇ ಜಾಲರಿಯ ಮೇಲೆ ಸುಟ್ಟಾಗ, ಅವರೂ ಅಧಿಕಾರಿಗೆ ಇನ್ನೊಂದು ಮಗ್ಗುಲಿಗೂ ತಿರುಗಿಸು, ಅರೆಬೆಂದದ್ದು ನಿನಗೆ ರುಚಿಸದು ಎಂದರಂತೆ. ಅಂದರೆ ಆ ಕಾಲದ ಕ್ರೈಸ್ತ ಕಥನಗಳಲ್ಲಿ ಈ ಮಾತು ಊರೂರು ಸುತ್ತುತ್ತಿತ್ತು. ಯಾರಿಂದ ಯಾರಿಗೆ ಹೋಯಿತು ಎಂದು ಹಟ ಹಿಡಿಯುವುದು ಬೇಡ.

ಜಾಲರಿಯನ್ನು ಅನುಮಾನಿಸಲು ಅಕ್ಷರಲೋಪಕ್ಕಿಂತ ಗಟ್ಟಿಯಾದ ಕಾರಣ ಮೇಲೆ ಹಳೇಓಲೆಯವರು ಹೇಳಿದ ಆಜ್ಞೆಯಲ್ಲೇ ಇದೆ. ಡೀಕನರಿಗೆ "ಕೂಡಲೇ ದಂಡನೆ" ಎಂದಿತ್ತು. ಸಿಪ್ರಿಯನ್ ಬಳಸಿದ ಕ್ರಿಯಾಪದ ಸಾಮಾನ್ಯವಾಗಿ ಕತ್ತಿಯ ದಂಡನೆಗೆ ಸಲ್ಲುವಂಥದ್ದು. ನಿಧಾನವಾಗಿ ಬೇಯಿಸುವುದು ಆ ಆಜ್ಞೆಗೆ ಹೊಂದದು.

ಹಳೇಓಲೆ

ಇಲ್ಲಿ ಒಂದು ತಕರಾರು. ಆಜ್ಞೆಯಲ್ಲಿ ಬರೆದದ್ದೆಲ್ಲ ಬರೆದ ಹಾಗೆಯೇ ನಡೆಯಿತು ಎಂದು ತೆಗೆದುಕೊಳ್ಳುವ ಹಾಗಿಲ್ಲ. ಬಚ್ಚಿಟ್ಟ ಆಸ್ತಿ ಬಾಯಿಬಿಡಿಸಲು ಬೆಂಕಿಯ ಹಿಂಸೆ ರೋಮನರಿಗೆ ಹೊಸದಲ್ಲ. ಆರು ಜನರನ್ನು ಒಂದೇ ದಿನ ಮುಗಿಸಿ ಏಳನೆಯವರನ್ನು ನಾಲ್ಕು ದಿನ ಉಳಿಸಿಕೊಂಡದ್ದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಬೇಕಲ್ಲ? ಡಮಾಸಸರ "ಜ್ವಾಲೆ"ಯನ್ನು ಕಾವ್ಯದ ಮಾತು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರೋಮಿನ ಬಿಷಪರು ಆ ಸಮಾಧಿಯ ಎದುರೇ ಬರೆಸಿದ ಸಾಲು ಅದು.

ಫಲಕಕ್ಕೆ ನನ್ನ ಸಲಹೆ: "ಬೆಂಕಿಯ ಹಿಂಸೆಯಿಂದ ಸತ್ತರೆಂದು ನಾಲ್ಕನೇ ಶತಮಾನದಿಂದ ಹೇಳುತ್ತ ಬಂದಿದ್ದಾರೆ." ಇಷ್ಟರಲ್ಲಿ ಸುಳ್ಳಿಲ್ಲ.

ಇರುಳುಬಾನು

ಉಲ್ಕೆಯ ವಿಷಯ. "ಅಂದು ರಾತ್ರಿ ಆಕಾಶ ಕಣ್ಣೀರು ಸುರಿಸಿತು" ಎಂಬ ಸಾಲು ಖಗೋಳದ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಯಾಕೆ ಅಂತ ಗೊತ್ತಾದರೆ ಆ ಫಲಕವೇ ಎಲ್ಲಕ್ಕಿಂತ ಕುತೂಹಲದ್ದಾದೀತು.

ಇಟಲಿಯಲ್ಲಿ "ಸಂತ ಲಾರೆನ್ಸರ ಕಣ್ಣೀರು" ಎನ್ನುವುದು ಪರ್ಸಿಯಿಡ್ ಉಲ್ಕಾವೃಷ್ಟಿಗೆ. ಕೆಲವರಿಗೆ ಅದು ಕಣ್ಣೀರಲ್ಲ, ಜಾಲರಿಯಡಿಯ ಕೆಂಡದ ಕಿಡಿ. ಸ್ವಿಫ್ಟ್-ಟಟಲ್ ಧೂಮಕೇತು ಬಿಟ್ಟುಹೋದ ಧೂಳಿನ ಪಟ್ಟಿಯನ್ನು ಭೂಮಿ ಪ್ರತಿವರ್ಷ ಜುಲೈ ನಡುವಿನಿಂದ ಆಗಸ್ಟ್ 24ರ ತನಕ ದಾಟುತ್ತದೆ. ಕಣಗಳು ಸೆಕೆಂಡಿಗೆ ಸುಮಾರು 59 ಕಿ.ಮೀ. ವೇಗದಲ್ಲಿ ವಾತಾವರಣ ಹೊಕ್ಕು ಉರಿಯುತ್ತವೆ. ಧೂಮಕೇತು ಸುಮಾರು 133 ವರ್ಷಕ್ಕೊಮ್ಮೆ ಬರುತ್ತದೆ. 1862ರಲ್ಲಿ ಕಂಡಿತು, 1992ರಲ್ಲಿ ಬಂದುಹೋಯಿತು, ಇನ್ನು 2126ಕ್ಕೆ. ಪ್ರತಿ ಆಗಸ್ಟಿನಲ್ಲೂ ಉಲ್ಕೆ ಹೆಚ್ಚುತ್ತದೆಂದು 1830ರ ದಶಕದಲ್ಲಿ ಬೆಲ್ಜಿಯಮ್ಮಿನ ಕೆಟ್ಲೆ ಗುರುತಿಸಿದರು. 1866ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಅದನ್ನು ಈ ಧೂಮಕೇತುವಿಗೆ ಜೋಡಿಸಿದರು.

ಈಗ ಶಿಖರ ಬರುವುದು ಆಗಸ್ಟ್ 12-13ಕ್ಕೆ. ಹಬ್ಬ 10ಕ್ಕೆ. ಎರಡು ಮೂರು ದಿನದ ವ್ಯತ್ಯಾಸ ಯಾಕೆ? ಧೂಳಿನ ಪಟ್ಟಿ ನಕ್ಷತ್ರಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ನಮ್ಮ ಕ್ಯಾಲೆಂಡರ್ ಓಡುವುದು ಋತುಗಳ ಲೆಕ್ಕದಲ್ಲಿ. ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಮಕರ ಸಂಕ್ರಾಂತಿ ಹಿಂದೆ ಜನವರಿ 12ಕ್ಕೆ, 13ಕ್ಕೆ ಬರುತ್ತಿದ್ದದ್ದು ಈಗ 14, 15ಕ್ಕೆ ಬಂದಿರುವುದಕ್ಕೂ ಇದೇ ಕಾರಣ. ಹಾಗಾಗಿ 1800ರ ಆಸುಪಾಸಿನಲ್ಲಿ ಶಿಖರ ಸರಿಯಾಗಿ ಆಗಸ್ಟ್ 10ಕ್ಕೆ ಬೀಳುತ್ತಿತ್ತು. ಹಬ್ಬದ ರಾತ್ರಿಯೇ ಆಕಾಶ ಉದುರುತ್ತಿದ್ದ ಕಾಲ ಅದು.

ಹಿಂದಕ್ಕೆ ಹೋಗಿ. 2000ದಿಂದ 258ಕ್ಕೆ 1,742 ವರ್ಷ, ಅಂದರೆ ಸುಮಾರು 24 ದಿನ. ಮೂರನೇ ಶತಮಾನದಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರಿಗೂ ಈಗಿನದಕ್ಕೂ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವಾದ್ದರಿಂದ ತಿದ್ದುಪಡಿಯೂ ಬೇಡ. ಲಾರೆನ್ಸರು ಸತ್ತ ವರ್ಷ ಶಿಖರ ಬಂದದ್ದು ಜುಲೈ 19ರ ಸುಮಾರಿಗೆ, ಅವರ ಸಾವಿಗೆ ಮೂರು ವಾರ ಮೊದಲು. ಇದು ಬರೀ ಲೆಕ್ಕವಲ್ಲ. ಚೀನೀ ದಾಖಲೆಗಳಲ್ಲಿ ಕ್ರಿ.ಶ. 36ರ ಜುಲೈ 17ಕ್ಕೆ ಉಲ್ಕೆಗಳ ಮಳೆಯಾದ ಉಲ್ಲೇಖವಿದೆ, ಅದಕ್ಕೂ ಹೊಂದುತ್ತದೆ.

ಆಗಸ್ಟಿನಲ್ಲಿ ಬರುವವರಿಗೆ "ನೋಡುವುದು ಹೇಗೆ" ಎಂದು ಬರೆಯುವುದಾದರೆ ಇಷ್ಟು ಸಾಕು. ಉಲ್ಕೆಗಳು ಹೊಮ್ಮುವಂತೆ ಕಾಣುವ ಬಿಂದು ಕರಾವಳಿಯ ಅಕ್ಷಾಂಶದಲ್ಲಿ (13 ಡಿಗ್ರಿ ಉತ್ತರ) ರಾತ್ರಿ ಸುಮಾರು 10:50ಕ್ಕೆ ಈಶಾನ್ಯದಲ್ಲಿ ಹುಟ್ಟುತ್ತದೆ. ಬೆಳಗಿನ 4:30ಕ್ಕೆ 41 ಡಿಗ್ರಿ ಎತ್ತರ ಏರಿರುತ್ತದೆ. ಐದು ದಾಟಿದರೆ ಬೆಳಕು ಹರಿಯತೊಡಗುತ್ತದೆ. ಆದ್ದರಿಂದ 3ರಿಂದ 5ರ ನಡುವೆ. ಸಾಯಂಕಾಲ ನೋಡಿ ಏನೂ ಕಾಣಲಿಲ್ಲ ಎನ್ನುವವರೇ ಹೆಚ್ಚು, ಕಾಣುವುದೂ ಇಲ್ಲ. ಪತ್ರಿಕೆಗಳಲ್ಲಿ ಬರುವ "ಗಂಟೆಗೆ 100" ಎನ್ನುವುದು ಬಿಂದು ನಡುನೆತ್ತಿಯಲ್ಲಿದ್ದು ಆಕಾಶ ಪೂರ್ತಿ ಕತ್ತಲಾಗಿದ್ದರೆ ಬರುವ ಸಂಖ್ಯೆ. 41 ಡಿಗ್ರಿಯಲ್ಲಿ ಅದು 65ಕ್ಕೆ ಇಳಿಯುತ್ತದೆ, ಊರಿನ ದೀಪದಲ್ಲಿ ಹತ್ತು ಕಂಡರೆ ಪುಣ್ಯ. ದೂರದರ್ಶಕ ಬೇಡ, ನೋಟ ಕಿರಿದಾಗುತ್ತದೆ. ಮಲಗಿ ನೋಡಿ, ಮೊಬೈಲ್ ತೆಗೆಯದೆ 20 ನಿಮಿಷ ಕಣ್ಣು ಪಳಗಲಿ. 2026ರ ಆಗಸ್ಟ್ 12ಕ್ಕೆ ಅಮಾವಾಸ್ಯೆ, ಚಂದ್ರನ ಕಾಟವಿಲ್ಲ. ಕಾರ್ಕಳದ ಕಡೆ ಮೋಡದ ಕಾಟ ಇದ್ದೇ ಇರುತ್ತದೆ. ಘಟ್ಟದಾಚೆ, ಚಿತ್ರದುರ್ಗ-ಬಳ್ಳಾರಿ ಕಡೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು.

ಬಣ್ಣಗಾರ

ಚಿತ್ರ ಆರಿಸುವಾಗ ಮೊದಲು ಉಡುಪು ನೋಡಿ, ಆಮೇಲೆ ಕೈ.

ಲಾರೆನ್ಸರು ಡೀಕನ್, ಗುರುವಲ್ಲ. ಮೈಮೇಲೆ ಡಾಲ್ಮಾಟಿಕ್ ಇರಬೇಕು: ಅಗಲ ತೋಳಿನ, ಮೊಣಕಾಲಿನ ಸುತ್ತ ನೇರವಾಗಿ ನಿಲ್ಲುವ ನಿಲುವಂಗಿ. ತೋಳಿಲ್ಲದೆ ಕಂಬಳಿ ಹೊದ್ದಂತೆ ಸುತ್ತಿಬರುವುದು ಗುರುಗಳ ಬಲಿಪೂಜೆಯ ವಸ್ತ್ರ. ಅದನ್ನು ತೊಡಿಸಿದ ಚಿತ್ರ ಬಿಡಿ, ಚಿತ್ರಕಾರನಿಗೆ ಯಾರನ್ನು ಬರೆಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಮುಖ ಎಳೆಯದು, ಗಡ್ಡವಿಲ್ಲ, ನೆತ್ತಿ ಬೋಳಿಸಿದ್ದು. ಕೈಯಲ್ಲಿ ಖರ್ಜೂರದ ಗರಿ ಯಾವ ರಕ್ತಸಾಕ್ಷಿಗೂ ಇರುತ್ತದೆ, ಅದರಿಂದ ಗುರುತು ಸಿಗದು.

ಗೊಂದಲವಾಗುವುದು ಇಬ್ಬರ ಜೊತೆ. ಸ್ತೆಫಾನರೂ ಡೀಕನ್, ಅದೇ ಡಾಲ್ಮಾಟಿಕ್, ಅದೇ ಎಳೆಮುಖ. ಅವರ ತಲೆಯ ಮೇಲೋ ಹೆಗಲ ಮೇಲೋ ಪುಸ್ತಕದ ಮೇಲೋ ಕಲ್ಲುಗಳಿರುತ್ತವೆ. ಸಾರಗೋಸಾದ ವಿನ್ಸೆಂಟ್ ಇನ್ನೂ ಕಷ್ಟ, ಯಾಕೆಂದರೆ ಅವರ ಕಥೆಯಲ್ಲೂ ಜಾಲರಿ ಇದೆ. ಗಿರಣಿಕಲ್ಲು ಅಥವಾ ಕಾಗೆ ಕಂಡರೆ ಅದು ವಿನ್ಸೆಂಟ್. ಹಣದ ಚೀಲವೋ ನಾಣ್ಯ ಹಂಚುವ ಕೈಯೋ ಕಂಡರೆ ಲಾರೆನ್ಸ್.

ಹಳೆಯ ಚಿತ್ರ ಬೇಕೆಂದರೆ ಇಟಲಿಯ ರಾವೆನ್ನಾದಲ್ಲಿ, ಗಾಲ್ಲಾ ಪ್ಲಾಸಿಡಿಯಾ ಸಮಾಧಿಮಂದಿರದ ಮೊಸಾಯಿಕ್. ಐದನೇ ಶತಮಾನದ ಮೊದಲರ್ಧದ್ದು. ಬಲಗಡೆ ಹೆಗಲಿಗೆ ಶಿಲುಬೆ ಹೊತ್ತು, ಕೈಯಲ್ಲಿ ತೆರೆದ ಪುಸ್ತಕ ಹಿಡಿದು ದಾಪುಗಾಲು ಹಾಕುವ ಮನುಷ್ಯ. ನಡುವೆ ಉರಿಯ ಮೇಲೆ ಜಾಲರಿ. ಎಡಕ್ಕೆ ಬಾಗಿಲು ತೆರೆದ ಪುಟ್ಟ ಕಪಾಟು, ಒಳಗೆ ನಾಲ್ಕು ಸುವಾರ್ತೆಗಳು ಹೆಸರು ಸಮೇತ. ಬೆಂಕಿಯತ್ತ ಮದುವೆಮನೆಗೆ ಹೊರಟವನ ಹಾಗೆ ಹೋಗುತ್ತಿದ್ದಾನೆ, ಅದೇ ಆ ಚಿತ್ರದ ಸೊಗಸು. ಇದು ವಿನ್ಸೆಂಟ್ ಎನ್ನುವವರೂ ಇದ್ದಾರೆ, ಆದ್ದರಿಂದ ಅಡಿಬರಹದಲ್ಲಿ "ಸಾಮಾನ್ಯವಾಗಿ ಲಾರೆನ್ಸ್ ಎಂದು ಗುರುತಿಸುವ" ಎಂದು ಸೇರಿಸಿ. ಕಥೆಯ ಸಾಲುಚಿತ್ರ ಬೇಕಾದರೆ ವ್ಯಾಟಿಕನ್ನಿನ ಐದನೇ ನಿಕೊಲಾಸರ ಖಾಸಗಿ ಪೂಜಾಮಂದಿರದಲ್ಲಿ 1447ರ ನಂತರ ಫ್ರಾ ಆಂಜೆಲಿಕೊ ಬರೆದ ಭಿತ್ತಿಚಿತ್ರಗಳು. ಬಡವರಿಗೆ ಹಂಚುವ ದೃಶ್ಯವನ್ನೇ ತೆಗೆದುಕೊಳ್ಳಿ. ಜಾತ್ರೆಯಲ್ಲಿ ಮಕ್ಕಳೂ ಇರುತ್ತಾರೆ, ಸುಡುವ ದೃಶ್ಯ ದೊಡ್ಡದಾಗಿ ಬೇಡ.

ಇನ್ನೊಂದು ಮಾತು, "ಕಾವಲಿ" ಬರೆಯಬೇಡಿ. ಕಾವಲಿ ಎಂದರೆ ದೋಸೆ ಹುಯ್ಯುವ ಚಪ್ಪಟೆ ಹಂಚು. ಲ್ಯಾಟಿನಿನ ಮಾತಿಗೆ ಅರ್ಥ ಸಣ್ಣ ಜಾಲರಿ, ಸರಳುಗಳ ಚೌಕಟ್ಟು. ಮೀನು ಸುಡುವ ಜಾಲರಿಯನ್ನು ಆಳೆತ್ತರಕ್ಕೆ ಬೆಳೆಸಿದ ಹಾಗೆ. ಕಾವಲಿ ಎಂದು ಓದಿ ಚಿತ್ರಕಾರ ತಟ್ಟೆಯೊಂದನ್ನು ಬರೆದುಕೊಟ್ಟರೆ ಮತ್ತೆ ತಿದ್ದಿಸಬೇಕಾಗುತ್ತದೆ.

ನಕ್ಷೆಪೆಟ್ಟಿಗೆ

"ಉಳಿದ ಗುರುತುಗಳು" ಫಲಕಕ್ಕೆ ಮೂರು ಸಾಕು. ಮೂರೂ ಹುಟ್ಟಿದ್ದು ಜಾಲರಿಯಿಂದಲ್ಲ, ತಾರೀಖಿನಿಂದ. ಹಳೇಓಲೆಯವರ ಆ ಒಂದು ಗೆರೆಯ ತಾರೀಖು ಎಷ್ಟು ದೂರ ಹೋಗಿದೆ ನೋಡಿ.

955ರ ಆಗಸ್ಟ್ 10ರಂದು ಲೆಖ್‌ಫೆಲ್ಡ್ ಬಯಲಿನಲ್ಲಿ ಜರ್ಮನಿಯ ಅರಸ ಒಟ್ಟೊ ಹಂಗೇರಿಯನ್ನರನ್ನು ಸೋಲಿಸಿದ. ಗೆದ್ದರೆ ಸಂತನ ಹೆಸರಲ್ಲಿ ಮೆರ್ಸೆಬುರ್ಗ್‌ನಲ್ಲಿ ಬಿಷಪ್ ಪೀಠ ಸ್ಥಾಪಿಸುತ್ತೇನೆಂದು ಹರಕೆ ಹೊತ್ತಿದ್ದನಂತೆ. ಪೀಠ 968ರಲ್ಲಿ ಆಯಿತು.

1535ರ ಆಗಸ್ಟ್ 10ರಂದು ಫ್ರೆಂಚ್ ನಾವಿಕ ಜಾಕ್ ಕಾರ್ತಿಯೆ ಕೆನಡಾದ ಕರಾವಳಿಯ ಒಂದು ಸಣ್ಣ ಕೊಲ್ಲಿಗೆ ಅಂದಿನ ಸಂತನ ಹೆಸರಿಟ್ಟ. ನಕ್ಷೆ ಬರೆಯುವವರ ಕೈಯಲ್ಲಿ ಆ ಹೆಸರು ಕೊಲ್ಲಿಯಿಂದ ಖಾರಿಗೆ, ಖಾರಿಯಿಂದ ನದಿಗೆ ಹರಡಿತು. ಇಂದಿನ ಸೇಂಟ್ ಲಾರೆನ್ಸ್ ನದಿ. "ಕಾರ್ತಿಯೆ ನದಿಗೆ ಹೆಸರಿಟ್ಟ" ಎಂದು ಬರೆದರೆ ತಪ್ಪು.

1557ರ ಆಗಸ್ಟ್ 10ರಂದು ಸ್ಪೇನಿನ ಎರಡನೇ ಫಿಲಿಪ್‌ನ ಸೇನೆ ಫ್ರಾನ್ಸಿನ ಸೇಂಟ್ ಕ್ವಾಂಟಿನ್ ಬಳಿ ಗೆದ್ದಿತು. 1563ರ ಏಪ್ರಿಲ್ 23ಕ್ಕೆ ಅಡಿಗಲ್ಲು ಹಾಕಿ 1584ಕ್ಕೆ ಮುಗಿಸಿದ ಎಲ್ ಎಸ್ಕೊರಿಯಾಲ್ ಮಠ-ಅರಮನೆ ಸಂತ ಲಾರೆನ್ಸರ ಹೆಸರಿನದು. ಸುಮಾರು 207 ಮೀಟರ್ ಉದ್ದ, 161 ಮೀಟರ್ ಅಗಲ. ಮೇಲಿಂದ ನೋಡಿದರೆ ಅಂಗಳಗಳು ಜಾಲರಿಯ ಕಿಂಡಿಗಳಂತೆ, ಪೂರ್ವಕ್ಕೆ ಚಾಚಿದ ಅರಸನ ಕೋಣೆಗಳು ಹಿಡಿಯಂತೆ. ಪ್ರವಾಸಿಗಳಿಗೆ ಎಲ್ಲರೂ ಹೀಗೇ ಹೇಳುತ್ತಾರೆ. ಅಂಗಳಗಳ ಈ ವಿನ್ಯಾಸ ಆ ಕಾಲದ ದೊಡ್ಡ ಆಸ್ಪತ್ರೆಗಳಿಂದ ಬಂದದ್ದು ಎನ್ನುವವರೂ ಇದ್ದಾರೆ, ಸೊಲೊಮೋನನ ದೇವಾಲಯದ ಮಾದರಿ ಎನ್ನುವವರೂ ಇದ್ದಾರೆ. ನನಗೆ ಆಸ್ಪತ್ರೆಯ ವಾದವೇ ಸರಿ ಅನಿಸುತ್ತದೆ. "ಜಾಲರಿಯನ್ನು ಹೋಲುತ್ತದೆ" ಎಂದರೆ ಸಾಕು, "ಜಾಲರಿಯಂತೆ ಕಟ್ಟಿಸಿದ" ಬೇಡ.

ರೋಮಿನ ನಕ್ಷೆ ಹಾಕುವುದಾದರೆ ಪ್ರತೀತಿಯ ಕ್ರಮ ಹೀಗೆ: ವಿಚಾರಣೆಯ ಜಾಗ ಎಂದು ಫೋರಮ್ಮಿನ (ಹಳೆಯ ನಗರಚೌಕದ) ಹಳೆಯ ದೇಗುಲದೊಳಗಿನ ಮಿರಾಂಡಾ ಇಗರ್ಜಿ, ಸುಟ್ಟ ಜಾಗ ಎಂದು ವಿಮಿನಾಲ್ ಗುಡ್ಡದ ಪಾನಿಸ್ಪೆರ್ನಾ ಇಗರ್ಜಿ, ಜಾಲರಿಯ ಅವಶೇಷವೆಂದು ಇಟ್ಟಿರುವುದು ಲೂಚಿನಾ ಇಗರ್ಜಿಯಲ್ಲಿ. ಸಮಾಧಿ ಮಾತ್ರ ಟಿಬುರ್ಟೀನಾ ರಸ್ತೆಯಲ್ಲಿ, ನಗರದ ಗೋಡೆಯ ಹೊರಗೆ. ಪಂಚಾಂಗಕ್ಕೆ ಹೊಂದುವುದು ಈ ಕೊನೆಯದ್ದೊಂದೇ. ಅಲ್ಲಿನ ಬಸಿಲಿಕಾ 1943ರ ಜುಲೈ 19ರ ಬಾಂಬ್ ದಾಳಿಯಲ್ಲಿ ಜಖಂ ಆಗಿ, ಮತ್ತೆ ಕಟ್ಟಿದ್ದು.

ಪುಷ್ಕರಿಣಿ

ಎಲ್ಲರಿಗೂ ಉಪಕಾರ ಆಯ್ತು. ಕರಡು ಪೂರ್ತಿ ಬದಲಾಯಿತು. ತಾರೀಖನ್ನೇ ಮೊದಲ ಫಲಕಕ್ಕೆ ತಂದು, ಜಾಲರಿಯನ್ನು ಮೂರನೆಯದಕ್ಕೆ ತಳ್ಳಿದ್ದಾಯಿತು. ಏಳು ಡೀಕನರ ಲೆಕ್ಕಕ್ಕೆ ಒಂದು ಇಡೀ ಫಲಕ. ಇನ್ನು ಉಳಿದದ್ದು ಜನವರಿ-ಆಗಸ್ಟ್ ಸಾಲು.

ಹಳೇಓಲೆ

ಆಗಸ್ಟ್ 10 ಇಡೀ ಪಶ್ಚಿಮ ಸಭೆಯ ಪಂಚಾಂಗದ ಹಬ್ಬ, ಅದು ಎಲ್ಲೂ ಬದಲಾಗುವುದಿಲ್ಲ. ಅತ್ತೂರಿನಲ್ಲೂ ಮೂಡುಬೆಳ್ಳೆಯಲ್ಲೂ ಬೊಂದೇಲಿನಲ್ಲೂ ಅಂದು ಅದೇ ಸಂತನ ಬಲಿಪೂಜೆ. ಜನವರಿಯದ್ದು ಊರಿನ ಮಹೋತ್ಸವ. ಆಗಸ್ಟಿನ ಮಳೆಯಲ್ಲಿ ಕಾರ್ಕಳದ ಆ ಗುಡ್ಡಕ್ಕೆ ಅಷ್ಟು ಜನ ಮೇಣದಬತ್ತಿ ಹಿಡಿದು ಬರುವುದು ಆಗಿಹೋಗುವ ಮಾತಲ್ಲ ಎಂಬುದು ಯಾರಿಗೂ ಗೊತ್ತಾಗುತ್ತದೆ, ಆದರೆ "ಮಳೆಯ ಕಾರಣಕ್ಕೆ ಜನವರಿಗೆ ಹಾಕಿದರು" ಎಂದು ದಾಖಲೆಯಿಲ್ಲದೆ ಫಲಕದಲ್ಲಿ ಬರೆಯಬೇಡಿ. "ಸಂತರ ಹಬ್ಬ ಆಗಸ್ಟ್ 10, ಊರಿನ ಮಹೋತ್ಸವ ಜನವರಿಯಲ್ಲಿ" ಎಂದಷ್ಟೇ ಸಾಕು.

ಸ್ಥಳದ ಫಲಕದಲ್ಲೂ ಇದೇ ಎಚ್ಚರ ಇರಲಿ. ಸಭೆ 1759ರದ್ದು, 1784ರಲ್ಲಿ ಟಿಪ್ಪುವಿನ ಕಾಲದ ಕರಾವಳಿ ಕ್ರೈಸ್ತರ ಸೆರೆ, 2016ರಲ್ಲಿ ಮೈನರ್ ಬಸಿಲಿಕಾ ಪದವಿ. ಇವು ವರ್ಷ ಹಾಕಿ ಬರೆಯುವಂಥವು. ಮರದ ಮೂರ್ತಿಯನ್ನು ನೀರಿನ ಒರತೆಯ ಬಳಿ ಇಳಿಸಿದವರಿಗೆ ಮತ್ತೆ ಎತ್ತಲಾಗಲಿಲ್ಲ ಎಂಬುದನ್ನು ಪ್ರತೀತಿ ಎಂದೇ ಬರೆಯಿರಿ, ಬಿಡಬೇಡಿ. ಅಲ್ಲಿನ ಕೆರೆಯಾದ ಪುಷ್ಕರಿಣಿಗೆ ಇಳಿಯುವವರೆಲ್ಲ ಆ ಕಥೆ ಕೇಳಿಯೇ ಇಳಿಯುವುದು.

ಸಿಕ್ಸ್ಟಸ್, ಸಿಪ್ರಿಯನ್, ಲಾರೆನ್ಸ್, ಮೂವರ ಹೆಸರೂ ಬಲಿಪೂಜೆಯ ರೋಮನ್ ಕ್ಯಾನನ್ ಪ್ರಾರ್ಥನೆಯಲ್ಲಿ ಹತ್ತಿರ ಹತ್ತಿರವೇ ಬರುತ್ತವೆ. ಮೂವರೂ ಅದೇ 258ರವರು. ಕೊನೆಯ ಫಲಕದಲ್ಲಿ ಜಾಗ ಉಳಿದರೆ ಅದನ್ನು ಹಾಕಿ.

ಬಣ್ಣಗಾರ

ಫಲಕ ನಾಲ್ಕಡಿ ಎತ್ತರದ್ದಾದರೆ ಅಕ್ಷರ ಎರಡು ಸೆಂಟಿಮೀಟರಿಗಿಂತ ಸಣ್ಣದಾಗದಿರಲಿ. ಕನ್ನಡದ ಒತ್ತಕ್ಷರಗಳು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ, ಸಾಲಿನ ಅಂತರವನ್ನು ಅಕ್ಷರದ ಒಂದೂವರೆ ಪಟ್ಟು ಇಡಿ. "ಸಿಕ್ಸ್ಟಸ್" ಎಂಬ ಹೆಸರನ್ನು ಅಚ್ಚಿಗೆ ಹೋಗುವ ಮೊದಲು ದೊಡ್ಡದು ಮಾಡಿ ನೋಡಿ. ಕೆಲವು ಫಾಂಟುಗಳಲ್ಲಿ ಆ ಎರಡು ಒತ್ತುಗಳು ಒಂದರ ಮೇಲೊಂದು ಕೂತು ಓದಲು ಬರುವುದಿಲ್ಲ.